ಎರಡನೇ ಸಲ ಹಾಕಿದ ಲಸಿಕೆ

ಕೋಳಿಗಳ ಕೊಕ್ಕರೆ ರೋಗಕ್ಕೆ ಹಾಕುವ ಲಸಿಕೆ ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಬರುತ್ತದೆ. ತಳದಲ್ಲಿ ಪೆಪ್ಪರಮೆಂಟಿನ ಚೂರಿನಂಥ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ. ಅದರೊಳಗೆ ಇರುವುದು ಬಲ ಕುಂದಿಸಿದ, ಆದರೆ ಜೀವ ಇರುವ ರೋಗಾಣು. ತಣ್ಣಗೆ ಇಟ್ಟಷ್ಟು ದಿನ ಅದು ಬದುಕಿರುತ್ತದೆ, ಬಿಸಿಯಾದರೆ ಸಾಯುತ್ತದೆ. ಸತ್ತ ಮೇಲೂ ಬಿಲ್ಲೆ ಹಾಗೇ ಬೆಳ್ಳಗಿರುತ್ತದೆ, ನೀರು ಬಿದ್ದರೆ ಹಾಗೇ ಕರಗುತ್ತದೆ. ನೋಡಿ ಹೇಳಲು ಬರುವುದಿಲ್ಲ. ತರಬೇತಿಯ ಮೊದಲ ದಿನವೇ ನಮಗೆ ಇದನ್ನು ಹೇಳಿಕೊಟ್ಟಿದ್ದರು. ದನ, ಕೋಳಿಗಳಿಗೆ ಮದ್ದು ಹಾಕುವ ಪಶು ಸಖಿಯಾಗಿ ಆರು ವರ್ಷ ಹಳ್ಳಿಗಳನ್ನು ತಿರುಗಿದ ಮೇಲೂ ನಾನು ಅದನ್ನು ಬಾಯಿಪಾಠದಂತೆ ಒಪ್ಪಿಸುತ್ತಿದ್ದೆನೇ ಹೊರತು ಅದರ ಅರ್ಥ ನನಗೆ ತಿಳಿದಿರಲಿಲ್ಲ.

ನಮ್ಮೂರು ಲೋಕಾಪುರದ ಹತ್ತಿರ. ಪಶು ಆಸ್ಪತ್ರೆ ದೂರವಾದ್ದರಿಂದ ಆ ಭಾಗದ ಹಳ್ಳಿಗಳಿಗೆ ಬೇಕಾದ ಲಸಿಕೆಯನ್ನು ಡಾಕ್ಟರು ನಮ್ಮ ಮನೆಯಲ್ಲೇ ಇಡಿಸುತ್ತಿದ್ದರು. ಅದಕ್ಕೆಂದೇ ಒಂದು ಹಳೆಯ ಫ್ರಿಜ್ ಕೊಂಡಿದ್ದೆವು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವ ಕೆಲಸದಲ್ಲಿದ್ದರು. ಹಗಲೆಲ್ಲ ಮೀಟರಿನ ಮುಳ್ಳು ನೋಡುವ ಮನುಷ್ಯ. ಫ್ರಿಜ್‌ನೊಳಗೆ ಹಾಲು, ಮೊಸರು, ಮಲ್ಲಿಗೆ ಏನನ್ನೂ ಇಡಲು ಬಿಡುತ್ತಿರಲಿಲ್ಲ. "ಬಾಗಲಾ ತಗದಷ್ಟೂ ನಿನ್ನ ಔಷಧಿ ಆಯುಷ್ಯ ಕಡಿಮಿ ಆಕೈತಿ" ಎನ್ನುತ್ತಿದ್ದರು. ಒಳಗೆ ಒಂದು ಥರ್ಮಾಮೀಟರ್ ತೂಗುಹಾಕಿದ್ದರು. ಅದರ ನಳಿಗೆಯಲ್ಲಿ ಎಳ್ಳುಕಾಳಿಗಿಂತ ಚಿಕ್ಕದೊಂದು ಕಬ್ಬಿಣದ ಕಡ್ಡಿ. ಬಿಸಿ ಏರಿದಾಗ ಪಾದರಸ ಅದನ್ನು ಮೇಲಕ್ಕೆ ತಳ್ಳುತ್ತದೆ. ಮತ್ತೆ ತಣ್ಣಗಾದಾಗ ಪಾದರಸ ಇಳಿದರೂ ಕಡ್ಡಿ ಏರಿದಲ್ಲೇ ನಿಂತಿರುತ್ತದೆ, ಅಯಸ್ಕಾಂತ ಹಿಡಿದು ಎಳೆದರೆ ಮಾತ್ರ ಇಳಿಯುತ್ತದೆ. ದಿನಾ ಬೆಳಗ್ಗೆ ಅದನ್ನು ನೋಡಿ ಇಳಿಸುವುದು ಅವರ ಕೆಲಸ. ಹಳ್ಳಿಗೆ ಹೋಗಿ ಚುಚ್ಚುವುದು ನನ್ನ ಕೆಲಸ.

ಯುಗಾದಿ ಮುಗಿದ ವಾರ ಅವರು ಬೆಳಗಿನ ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಆ ಬಗ್ಗೆ ಇಷ್ಟೇ ಬರೆಯಬಲ್ಲೆ.

ದಿನಕರ್ಮಗಳು ಮುಗಿದು ಎರಡು ವಾರ ಕಳೆದ ಮೇಲೆ ನಾನು ಮೊದಲ ಸಲ ಕೆಲಸಕ್ಕೆ ಹೊರಟೆ. ಬೀಳಗಿ ಕಡೆಯ ಊರು ಅದು. ಹಳೆಯ ಊರು ಹಿನ್ನೀರಿನಲ್ಲಿ ಹೋದ ಮೇಲೆ ಎತ್ತರದಲ್ಲಿ ಕಟ್ಟಿದ್ದು. ಹಗ್ಗ ಹಿಡಿದು ಎಳೆದಂಥ ನಾಲ್ಕು ಬೀದಿಗಳು. ಓಣಿ ಎನ್ನದೆ ಜನ ಅವನ್ನು ಒಂದನೇ ಸಾಲು, ಎರಡನೇ ಸಾಲು ಎಂದೇ ಕರೆಯುತ್ತಾರೆ. ಮೊದಲಾದರೆ ಗಂಡನ ಗಾಡಿಯಲ್ಲಿ ಹೋಗುತ್ತಿದ್ದೆ. ಈ ಸಲ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. "ಏನ್ರಿ ಅಕ್ಕಾರ, ಐಸ್‌ಕ್ರೀಮೇನು? ನಮಗೂ ಒಂದ ಕೊಡ್ರಲಾ" ಎಂದು ಕಂಡಕ್ಟರ್ ನಕ್ಕ. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಒಂದನೇ ಸಾಲಿನ ಮೊದಲ ಮನೆಯ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ ಯವ್ವಾ, ತಾಳಿ ತಗದು ಎರಡ ತಿಂಗಳಾಗಿಲ್ಲ, ಸೂಜಿ ಹಿಡ್ಕೊಂಡ ಬಂದಿ?"

"ಕೋಳಿಗೆ ಅದೆಲ್ಲಾ ಗೊತ್ತಾಗಂಗಿಲ್ಲ ಬಿಡ್ರಿ ಆಯಿ."

"ಕೋಳಿಗೆ ಗೊತ್ತಾಗಂಗಿಲ್ಲ, ಖರೆ" ಎಂದು ಅಜ್ಜಿ ಬುಟ್ಟಿ ಎತ್ತಿ ತಾನೇ ಮೊದಲ ಹೇಂಟೆಯನ್ನು ಹಿಡಿದುಕೊಟ್ಟಳು. ಅವಳಿಗೆ ಹನ್ನೆರಡು ಕೋಳಿಗಳಿದ್ದವು. ಸೊಸೆಯ ಕೈ ನೋಡದೆ ಎಲೆ ಅಡಿಕೆಗೂ ಔಷಧಿ ಮಾತ್ರೆಗೂ ಅವಳಿಗೆ ಇದ್ದ ದಾರಿ ಅದೊಂದೇ.

ಕ್ರಮ ತಪ್ಪಲಿಲ್ಲ. ಸೂಜಿ, ಸಿರಿಂಜುಗಳನ್ನು ಅಜ್ಜಿಯ ಒಲೆಯ ಮೇಲೇ ಕುದಿಸಿ ಆರಿಸಿದೆ. ಜೀವವಿರುವ ಲಸಿಕೆಗೆ ಸ್ಪಿರಿಟ್ ಮುಟ್ಟಿಸಬಾರದು. ಬಾಟಲಿಗೆ ಸೂಜಿ ಚುಚ್ಚಿದಾಗ ದ್ರಾವಣವನ್ನು ಅದು ತಾನಾಗಿ ಒಳಗೆ ಎಳೆದುಕೊಂಡಿತು, ಅಂದರೆ ಮುಚ್ಚಳ ಬಿಗಿಯಾಗಿತ್ತು. ಕಲಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಐಸಿನ ಮೇಲಿಟ್ಟು, ಎರಡು ಗಂಟೆಯೊಳಗೆ ಒಂದೊಂದು ಬಾಟಲಿ ಮುಗಿಸಿದೆ. ಎರಡು ತಿಂಗಳು ದಾಟಿದವಕ್ಕೆ ರೆಕ್ಕೆಯ ಕೆಳಗಿನ ಚರ್ಮಕ್ಕೆ ಅರ್ಧ ಸಿಸಿ. ಮರಿಗಳಿಗೆ ಆ ಸೂಜಿ ಹಾಕಿದರೆ ಲಸಿಕೆಯೇ ಕೊಲ್ಲುತ್ತದೆ, ಅವಕ್ಕೆ ಬೇರೆ ಸೌಮ್ಯ ಲಸಿಕೆಯ ಒಂದೊಂದು ಹನಿ ಕಣ್ಣಿಗೆ. ಎರಡು ದಿನ ಹೋಗಿ ನಾಲ್ಕೂ ಸಾಲು ಮುಗಿಸಿದೆ.

ಲಸಿಕೆ ಹಾಕಿದ ಹದಿನಾರನೇ ದಿನ ಅಜ್ಜಿಯ ಸೊಸೆ ಫೋನ್ ಮಾಡಿದಳು. "ಅಕ್ಕಾರ, ಕೋಳಿ ಹಸರ ಸಂಡಾಸ ಮಾಡಾಕತ್ತಾವ್ರಿ. ಒಂದರ ಕುತಗಿ ತಿರುವಿಕೊಂಡ ಬಿದ್ದೈತಿ. ಮುಂಜಾನಿಂದ ನಾಕ ಹೋದುವು."

ಮಧ್ಯಾಹ್ನದ ಹೊತ್ತಿಗೆ ನಾನೂ ಡಾಕ್ಟರೂ ಅಲ್ಲಿದ್ದೆವು. ಸತ್ತ ಒಂದು ಹೇಂಟೆಯನ್ನು ಡಾಕ್ಟರು ಬೇವಿನ ಗಿಡದ ಕೆಳಗೆ ಕೊಯ್ದರು. ಜಠರದ ಒಳಗೋಡೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಕೊಕ್ಕರೆ ರೋಗವೇ. ಬೇರೆ ಏನಾದರೂ ಇದ್ದರೆ ತಿಳಿಯಲೆಂದು ಒಂದಿಷ್ಟು ಭಾಗಗಳನ್ನು ಪರೀಕ್ಷೆಗೆ ಕಟ್ಟಿಕೊಂಡರು. ಮೂರನೇ, ನಾಲ್ಕನೇ ಸಾಲಿನಲ್ಲಿ ಇನ್ನೂ ಗಟ್ಟಿಯಾಗಿದ್ದ ಕೆಲವು ಕೋಳಿಗಳ ರೆಕ್ಕೆಯಿಂದ ರಕ್ತ ತೆಗೆದರು.

"ಲಸಿಕಿ ಹತ್ತಿದ್ರ ರಕ್ತದಾಗ ಗೊತ್ತಾಕೈತಿ. ರಿಪೋರ್ಟಿಗೆ ಹತ್ತು ದಿನ ಬೇಕು" ಎಂದರು. ಆಮೇಲೆ ಕೈ ತೊಳೆಯುತ್ತ ಕೇಳಿದರು, "ಫ್ರಿಜ್ ಛಲೋ ಐತಲ್ರಿ?"

"ಐತ್ರಿ ಸರ್" ಎಂದೆ. ಬೆಳಗ್ಗೆ ತಾನೇ ಬಾಗಿಲು ತೆಗೆದಿದ್ದೆ, ತಣ್ಣಗಿತ್ತು. ಅಷ್ಟರ ಮೇಲೆ ಹೇಳಿದ ಮಾತು ಅದು.

ಊರಲ್ಲಿ ಅಷ್ಟರೊಳಗೆ ಮೂರು ಮಾತು ಹುಟ್ಟಿದ್ದವು. ಸೂಜಿ ಹಾಕಿದ್ದಕ್ಕೇ ಕೋಳಿ ಸತ್ತವು ಎಂದು ಒಂದು. ಸರಕಾರದ ಔಷಧಿಯಲ್ಲಿ ಸತ್ವ ಇಲ್ಲ ಎಂದು ಇನ್ನೊಂದು. ಮೂರನೆಯದನ್ನು ನನ್ನ ಎದುರು ಯಾರೂ ಆಡಲಿಲ್ಲ. ನಲ್ಲಿಯ ಹತ್ತಿರ ನಾನು ಹೋದಾಗ ಮಾತು ನಿಂತಿತು, ಒಬ್ಬಾಕೆ ನನ್ನ ಬರಿಗೈ ನೋಡಿ ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿಕೊಂಡಳು. ಅರ್ಥವಾಯಿತು.

ಮಾರನೆಯ ದಿನ ನಾನು ತಿಮ್ಮಾಪುರದ ಹಾದಿಯಲ್ಲಿರುವ ಇನ್ನೊಂದು ಹಳ್ಳಿಗೆ ಹೋದೆ. ಗಂಡ ತೀರಿಹೋಗುವ ಹಿಂದಿನ ವಾರ ಅವರ ಗಾಡಿಯಲ್ಲಿ ಹೋಗಿ ನಾನು ಲಸಿಕೆ ಹಾಕಿದ್ದ ಊರು. ಅಲ್ಲಿಗೂ ರೋಗ ಬಂದಿದೆ ಎಂದು ಕೇಳಿದ್ದೆ. ಮೊದಲ ಮನೆಯ ಯಜಮಾನ ಹಿತ್ತಿಲಿಗೆ ಕರೆದೊಯ್ದ.

"ಮಗ್ಗಲ ಮನಿಯಾಂವ 'ನಮ್ಮ ಕೋಳಿ ಗಟ್ಟಿ ಅದಾವು' ಅಂತ ಹಾಕಿಸ್ಕೊಳ್ಳಲಿಲ್ಲ. ಹನ್ನೊಂದಕ್ಕ ಹನ್ನೊಂದೂ ಹೋದುವು. ನನ್ನುವು ನೋಡ್ರಿ, ಈಗ ಅವನ ತಿಪ್ಪಿನೂ ಇವ ಕೆದರಾಕತ್ತಾವು."

ಮನೆಮನೆ ಕೇಳಿದೆ. ಸೂಜಿ ಹಾಕಿದ ಕೋಳಿಗಳು ಇದ್ದವು, ಹಾಕದವು ಇರಲಿಲ್ಲ. ನನ್ನ ಪುಸ್ತಕ ತೆಗೆದು ಬಾಟಲಿಯ ಬ್ಯಾಚ್ ನಂಬರ್ ನೋಡಿದೆ. ಬೀಳಗಿ ಕಡೆಯ ಊರಿಗೆ ಹಾಕಿದ್ದೂ ಅದೇ ಬ್ಯಾಚ್. ಒಂದೇ ದಿನ ಆಸ್ಪತ್ರೆಯಿಂದ ಒಂದೇ ಪೆಟ್ಟಿಗೆಯಲ್ಲಿ ತಂದದ್ದು. ಹಾಕಿದ ಕೈಯೂ ಒಂದೇ. ಹಾಗಾದರೆ ಲಸಿಕೆ ಬಂದಾಗ ಚೆನ್ನಾಗಿಯೇ ಇತ್ತು. ಈ ಊರಿಗೂ ಆ ಊರಿಗೂ ನಡುವೆ ಅದಕ್ಕೆ ಏನೋ ಆಗಿದೆ. ಮುಧೋಳದಲ್ಲಿ ಬಸ್ಸು ಬದಲಿಸಲು ನಿಂತಾಗ ಆ ನಡುವಿನ ದಿನಗಳನ್ನು ಒಂದೊಂದಾಗಿ ಎಣಿಸಿದೆ. ಎಣಿಕೆ ಗಂಡ ತೀರಿದ ದಿನಕ್ಕೆ ಬಂದು ನಿಂತಿತು.

ಮನೆಗೆ ಬಂದವಳೇ ಫ್ರಿಜ್ ತೆಗೆದು ಥರ್ಮಾಮೀಟರ್ ಹೊರಗೆ ತೆಗೆದೆ. ಪಾದರಸ ಐದು ಡಿಗ್ರಿಯಲ್ಲಿತ್ತು. ಕಡ್ಡಿ ಮೂವತ್ತೆಂಟರಲ್ಲಿ ನಿಂತಿತ್ತು.

ಮೈದುನ ಪಕ್ಕದ ಮನೆಯಲ್ಲೇ ಇರುತ್ತಾನೆ. ಕರೆದು ಕೇಳಿದೆ, "ಅವತ್ತ ಫ್ರಿಜ್ಜಿನ ಪ್ಲಗ್ ಯಾರ ತಗದಿದ್ರಪಾ?"

ಅವನು ಗೋಡೆಯ ಕಡೆ ನೋಡಿದ. ಆ ಕೋಣೆಯಲ್ಲಿ ಇರುವುದು ಒಂದೇ ಪ್ಲಗ್ಗಿನ ಜಾಗ.

"ನಾನಽ ತಗದಿದ್ದೆ ವೈನಿ. ಅಣ್ಣನ್ನ ಇಡೂ ತಂಪಿನ ಪೆಟ್ಟಿಗಿಗೆ ಕರೆಂಟ್ ಬೇಕಾಗಿತ್ತು. ಜಮಖಂಡಿಯಿಂದ ದೊಡ್ಡಪ್ಪನ ಮಂದಿ ಬರೂತನ ಇಡಬೇಕಾಗಿತ್ತಲ್ಲ."

"ಆಮ್ಯಾಲ?"

"ಆಮ್ಯಾಲ ಮಂದಿ ಕೂತಿದ್ರು, ಶೆಕಿ ಭಾಳ ಇತ್ತು. ಅದಽ ಜಾಗಾದಾಗ ಫ್ಯಾನ್ ಹಚ್ಚಿದ್ವಿ. ಮೂರನೇ ದಿನ ಫ್ಯಾನ್ ತಗದಾಗ ನೆನಪಾಗಿ ಫ್ರಿಜ್ ಹಚ್ಚೇನಿ." ಫ್ರಿಜ್ ಕಡೆ ತಿರುಗಿ, "ಯಾಕ ವೈನಿ?" ಎಂದ.

"ಏನಿಲ್ಲ, ಹೋಗು" ಎಂದೆ. ಅವನ ತಪ್ಪು ಎನ್ನಲು ನನಗೆ ಆಗಲಿಲ್ಲ. ಆ ಮೂರು ದಿನ ನಾನೂ ಅದೇ ಮನೆಯಲ್ಲಿದ್ದೆ. ಫ್ರಿಜ್‌ನಲ್ಲಿ ಹಾಲಿದ್ದಿದ್ದರೆ ಒಡೆದು ವಾಸನೆ ಬಂದಾದರೂ ಗೊತ್ತಾಗುತ್ತಿತ್ತು. ಐಸಿನ ಪೊಟ್ಟಣಗಳು ಕರಗಿ ಮತ್ತೆ ಮೊದಲಿನಂತೆಯೇ ಗಟ್ಟಿಯಾಗಿದ್ದವು. ಕಡ್ಡಿಯೊಂದು ಎಲ್ಲ ನೋಡಿತ್ತು. ಕೆಲಸಕ್ಕೆ ಹೊರಟ ಬೆಳಗ್ಗೆ ನಾನು ಅದನ್ನು ನೋಡಬೇಕಿತ್ತು. ಅದು ಅವರ ಕೆಲಸ ಎಂದೇ ನನ್ನ ಮನಸ್ಸು ಇನ್ನೂ ಅಂದುಕೊಂಡಿತ್ತು.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅದರ ಫೋಟೋ ತಗದ ಕಳಸ್ರಿ. ಉಳಿದ ಬಾಟ್ಲಿ ಕುದಿಸಿ ಹುಗಿದಬಿಡ್ರಿ. ಯಜಮಾನ್ರು ಹೋದ ಮ್ಯಾಲ ಮತ್ತ್ಯಾವ ಊರಿಗೆ ಹಾಕೇರಿ?"

"ಅದೊಂದಽ ಊರ್ರಿ."

"ಹಂಗಾರ ಹೊಸಾ ಔಷಧಿ ಕೊಡ್ತೀನಿ. ಬೂಸ್ಟರ್ ಅಂತ ಹೇಳಿ ಹಾಕ್ರಿ. ಫ್ರಿಜ್ಜಿನ ಮಾತ ಈಗ ಬ್ಯಾಡ. ರಿಪೋರ್ಟ್ ಬರ್ಲಿ, ಆಮ್ಯಾಲ ನಾನಽ ನಿಂತ ಹೇಳ್ತೀನಿ. ಈಗ ನೀವ ಹೋಗಿ ಹೇಳಿದ್ರ ನಾಳೆ ಯಾರೂ ಕೋಳಿ ಹಿಡದ ಕೊಡಂಗಿಲ್ರಿ ಅಕ್ಕಾರ. ಅಲ್ಲೂ ಇಲ್ಲ, ಎಲ್ಲೂ ಇಲ್ಲ."

ನನ್ನ ಒಳ್ಳೆಯದಕ್ಕೇ ಹೇಳಿದ ಮಾತು. ಇಡೀ ಸಂಜೆ ಅದನ್ನೇ ಯೋಚಿಸಿದೆ. ಬೂಸ್ಟರ್ ಎಂದರೆ ಮೊದಲಿನದು ಹತ್ತಿದೆ ಎಂದಂತೆ. ಹಿಂದಿನ ದಿನವೇ ಒಂದನೇ ಸಾಲಿನ ಒಬ್ಬಾಕೆ, "ನಮ್ಮುವಕ್ಕ ಸೂಜಿ ಆಗೇತಿ, ಏನೂ ಆಗಂಗಿಲ್ಲ" ಎಂದು ಎರಡು ಕೋಳಿಗಳನ್ನು ರಬಕವಿಗೆ, ಮಗಳ ಮನೆಗೆ ಕಟ್ಟಿ ಕಳಿಸಲು ಬುಟ್ಟಿ ಹುಡುಕುತ್ತಿದ್ದಳು. ಸೂಜಿ ಆಗಿರಲಿಲ್ಲ. ಆ ಕೋಳಿಗಳೊಂದಿಗೆ ರೋಗವೂ ಬಸ್ಸು ಹತ್ತುತ್ತಿತ್ತು. ರಿಪೋರ್ಟ್ ಬರಲು ಹತ್ತು ದಿನ. ಹೊಸ ಲಸಿಕೆ ಮೈಗೆ ಹತ್ತಲೂ ವಾರದ ಮೇಲೆ ಬೇಕು. ಒಂದು ಸಾಲಿನಿಂದ ಮುಂದಿನ ಸಾಲಿಗೆ ರೋಗ ದಾಟಲು ಅಷ್ಟೂ ಬೇಕಿಲ್ಲ.

ಬೆಳಗ್ಗೆ ಮತ್ತೆ ಫೋನ್ ಮಾಡಿದೆ. "ಸರ್, ನಾ ಇದ್ದದ್ದ ಹೇಳೇ ಹಾಕ್ತೀನ್ರಿ."

"ನಾನೂ ಬರ್ಲೇನು?"

"ಬ್ಯಾಡ್ರಿ. ನಮ್ಮ ಮನ್ಯಾಗ ಆಗಿದ್ದು."

"ಆತು. ಎಂಟಕ್ಕ ಬಂದ ಔಷಧಿ ಒಯ್ರಿ. ನಾಕನೇ ಸಾಲಿಂದ ಸುರು ಮಾಡ್ರಿ. ಒಂದನೇ ಸಾಲಿಗೆ ಕಾಲಿಟ್ಟು ಹೊಳ್ಳಿ ಬ್ಯಾರೆ ಸಾಲಿಗೆ ಹೋಗಬ್ಯಾಡ್ರಿ."

ಹೊರಡುವ ಮುನ್ನ ಥರ್ಮಾಮೀಟರಿಗೆ ಅಯಸ್ಕಾಂತ ಹಿಡಿದು ಕಡ್ಡಿಯನ್ನು ಇಳಿಸಿದೆ. ಒಂದು ಕ್ಷಣದ ಕೆಲಸ. ಅವರು ಆ ಕೋಣೆಯಲ್ಲಿ ಮಲಗಿದ್ದ ದಿನದ ಗುರುತು ಮನೆಯಲ್ಲಿ ಅದೊಂದೇ ಉಳಿದಿತ್ತು. ಅದನ್ನು ಇಳಿಸದೆ ಹೊಸದನ್ನು ಅಳೆಯಲಾಗುವುದಿಲ್ಲ.

ಊರ ಹೊರಗೆ, ನಾಲ್ಕನೇ ಸಾಲಿನಾಚೆ ಬೀರೇಶ್ವರನ ಗುಡಿ. ಅಲ್ಲಿ ಹೆಂಗಸರನ್ನು ಕರೆಸಿದೆ. ಅಜ್ಜಿ, ಅವಳ ಸೊಸೆ, ಇನ್ನೂ ಇಪ್ಪತ್ತು ಜನ. ಗಂಡಸರು ಬೇವಿನ ಕೆಳಗೆ ದೂರ ನಿಂತರು. ನಾನು ನಿಂತುಕೊಂಡೇ ಹೇಳಿದೆ. ಫ್ರಿಜ್ಜಿನ ಪ್ಲಗ್ ತೆಗೆದದ್ದು, ಯಾಕೆ ತೆಗೆದದ್ದು, ಮೂರು ದಿನ ಲಸಿಕೆ ಬಿಸಿಲ ಧಗೆಯಲ್ಲಿ ಕೂತದ್ದು, ನಾನು ನೋಡದೆ ತಂದು ಚುಚ್ಚಿದ್ದು. "ನಿಮ್ಮ ಕೋಳಿಗೆ ನಾ ಹಾಕಿದ್ದು ನೀರು ಇದ್ದಂಗ. ಅದು ಕೊಲ್ಲಲಿಲ್ಲ, ಕಾಯಲೂ ಇಲ್ಲ" ಎಂದೆ.

ಮೊದಲು ಅಜ್ಜಿ ಎದ್ದಳು. ಅವಳ ಹನ್ನೆರಡರಲ್ಲಿ ಆಗಲೇ ಹತ್ತು ಹೋಗಿದ್ದವು.

"ಅಂದ್ರ, ನಿನ್ನ ಗಂಡನ ಹೆಣ ತಂಪಿಡಾಕ ನಮ್ಮ ಕೋಳಿ ಸತ್ತುವು."

"ಅತ್ತೀ!" ಎಂದು ಸೊಸೆ ಅವಳ ಸೆರಗು ಜಗ್ಗಿದಳು.

"ಹೌದ್ರಿ ಆಯಿ" ಎಂದೆ.

ಅಜ್ಜಿ ಸೆರಗು ಬಿಡಿಸಿಕೊಂಡು ಮನೆಯ ಕಡೆ ನಡೆದಳು. ಇನ್ನು ಕೆಲವರು ಹಿಂದೆಯೇ ಹೋದರು. ನಾಲ್ಕನೇ ಸಾಲಿನ ಒಬ್ಬ ಹರೆಯದ ಹೆಂಗಸು ಮಾತ್ರ ಮುಂದೆ ಬಂದಳು.

"ಒಮ್ಮಿ ಹಾಕಿದ ಮ್ಯಾಲ ಮತ್ತ ಹಾಕಿದ್ರ ಡಬಲ್ ಆಗಿ ಸಾಯಂಗಿಲ್ಲೇನ್ರಿ?"

"ಇಲ್ಲ. ಎರಡ ದಿನ ಮಂಕ ಆಕಾವು, ಕಾಳ ಕಡಿಮಿ ತಿಂತಾವು. ಆದ್ರ ಈಗಾಗಲೇ ಒಳಗ ರೋಗ ಹೊಕ್ಕಿದ್ರ ಈ ಸೂಜಿನೂ ಉಳಸಂಗಿಲ್ಲ. ಅದನ್ನ ಮೊದಲಽ ಹೇಳ್ತೀನಿ."

"ಇಷ್ಟ ಕೆಟ್ಟ ಮಾತ ಹೇಳಿ ಯಾರ ವ್ಯಾಪಾರ ಮಾಡ್ತಾರ್ರಿ?" ಎಂದಳು. ಹಿಂದಿನಿಂದ ಯಾರೋ ನಕ್ಕರು. "ಬರ್ರಿ, ನನ್ನುವು ಆರ ಅದಾವು."

ನಾಲ್ಕನೇ ಸಾಲಿನಿಂದ ಸುರು ಮಾಡಿದೆ. ಮನೆಮನೆಗೂ ಬೇರೆ ಕುದಿಸಿದ ಸೂಜಿ. ಒಂದು ಅಂಗಳದಿಂದ ಇನ್ನೊಂದಕ್ಕೆ ಹೋಗುವಾಗ ಕಾಲು, ಚಪ್ಪಲಿ ಔಷಧಿ ನೀರಲ್ಲಿ ತೊಳೆದುಕೊಂಡೆ. ಮೂರನೇ ಸಾಲು ಮುಗಿಯುವಾಗ ಸೂರ್ಯ ನೆತ್ತಿ ದಾಟಿದ್ದ. ಎರಡನೇ ಸಾಲಿನ ಮೂರನೇ ಮನೆಯಲ್ಲಿ ಒಂದು ಹುಂಜ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ನಾನು ಪೆಟ್ಟಿಗೆ ಮುಚ್ಚಿದೆ.

"ಇಲ್ಲಿಂದ ಮುಂದ ಸೂಜಿ ಹಾಕಂಗಿಲ್ಲವ್ವಾ. ಈ ಹುಂಜಕ್ಕ ಚುಚ್ಚಿದ ಸೂಜಿ ಮತ್ತೊಂದಕ್ಕ ರೋಗ ಒಯ್ತೈತಿ. ನಾನೂ ಹೊತ್ಕೊಂಡ ತಿರಗ್ತೀನಿ."

ಆ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. "ಉಳಿದ ಐದಕ್ಕರೆ ಹಾಕ್ರಿ. ಸತ್ರ ಸಾಯ್ಲಿ, ನಿಮಗ ಏನೂ ಅನ್ನಂಗಿಲ್ಲ."

ಹಾಕಿಬಿಡಬೇಕು ಎನ್ನಿಸಿತು. ಅವಳ ಎದುರು ಇಲ್ಲ ಎನ್ನುವ ಹಕ್ಕು ನನಗೆಲ್ಲಿತ್ತು? ಆದರೂ ಹಾಕಲಿಲ್ಲ. ಆ ಐದನ್ನು ಹುಂಜದಿಂದ ಬೇರೆ ಮಾಡಿ, ಬೇರೆ ನೀರಿಟ್ಟು ಮುಚ್ಚಿಡಲು ಹೇಳಿದೆ. ಸತ್ತವನ್ನು ತಿಪ್ಪೆಗೆ, ಹಿನ್ನೀರಿಗೆ ಎಸೆಯದೆ ಸುಣ್ಣ ಹಾಕಿ ಹುಗಿಯಲು ಹೇಳಿದೆ. ಒಂದೂ ಎರಡೂ ಸಾಲಿನಿಂದ ಒಂದು ಕೋಳಿಯೂ ಹೊರಗೆ ಹೋಗಬಾರದು ಎಂದೆ. ರಬಕವಿಗೆ ಕಳಿಸಲಿದ್ದ ಬುಟ್ಟಿ ಹಿಂದಕ್ಕೆ ಬಂತು.

ಆ ಮುಂದಿನ ವಾರ ಕೆಟ್ಟದ್ದು. ಮೂರನೇ ದಿನ ಮೂರನೇ ಸಾಲಿನಿಂದ ಫೋನ್ ಬಂತು, "ಹೊಸಾದ ಹಾಕಿಸಿದ್ದುವೂ ಎರಡ ಸತ್ತುವು." ನಾಲ್ಕನೇ ದಿನ ಮತ್ತೊಂದು. ಲಸಿಕೆ ಮೈಗೆ ಹತ್ತುವ ಮೊದಲೇ ರೋಗ ಹೊಕ್ಕಿದ್ದಿರಬೇಕು ಎಂದು ಹೇಳಿದೆ. ನಾನು ಹೇಳುವುದನ್ನು ನಾನೇ ನಂಬುತ್ತೇನೋ ಇಲ್ಲವೋ ತಿಳಿಯದಂತಾಯಿತು. ದಿನಕ್ಕೆ ಎರಡು ಸಲ ಫ್ರಿಜ್ ತೆಗೆದು ಕಡ್ಡಿ ನೋಡುತ್ತಿದ್ದೆ. ದಾಟಬಾರದ ಎಂಟು ಡಿಗ್ರಿಯನ್ನು ಅದು ದಾಟಲಿಲ್ಲ. ಐದನೇ ದಿನ ಫೋನ್ ಬರಲಿಲ್ಲ. ಆರನೇ ದಿನ ನಾನೇ ಮಾಡಿದೆ. "ಅದಾವ್ರಿ" ಎಂದಳು ನಾಲ್ಕನೇ ಸಾಲಿನಾಕೆ, "ಆರಕ್ಕ ಆರೂ ಅದಾವು."

ಮೊದಲು ತೆಗೆದ ರಕ್ತದ ರಿಪೋರ್ಟ್ ಬಂತು. ಲಸಿಕೆ ಹತ್ತಿದ ಗುರುತು ಒಂದರಲ್ಲೂ ಇರಲಿಲ್ಲ. ಎರಡನೇ ಸಲ ಹಾಕಿ ಮೂರು ವಾರಕ್ಕೆ ಡಾಕ್ಟರು ಮತ್ತೆ ರಕ್ತ ತೆಗೆದು ಕಳಿಸಿದರು. ಅದರಲ್ಲಿ ಬಹುತೇಕ ಎಲ್ಲವಕ್ಕೂ ಹತ್ತಿತ್ತು. ಒಂದನೇ ಸಾಲು ಪೂರಾ ಹೋಗಿತ್ತು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಮೂರನೆಯದರಲ್ಲಿ ಮೂರು ಸತ್ತು ನಿಂತಿತು. ನಾಲ್ಕನೆಯದಕ್ಕೆ ರೋಗ ದಾಟಲಿಲ್ಲ. ರಿಪೋರ್ಟ್ ಓದಿ ಹೇಳುವಾಗ ಡಾಕ್ಟರು "ಬೂಸ್ಟರ್ ಅಂದಿದ್ರ ಒಂದನೇ ಸಾಲಿನ ಮಂದಿ ಕೋಳಿ ಕಟ್ಟಿ ಹಾಕ್ತಿದ್ದಿಲ್ಲ ಬಿಡ್ರಿ" ಎಂದರು.

ಮಳೆ ಸುರುವಾದ ಮೇಲೆ ಅಜ್ಜಿಯ ಸೊಸೆಯ ಫೋನ್ ಬಂತು. ಗೂಡು ತೊಳೆದು ಸುಣ್ಣ ಬಳಿದು ತಿಂಗಳು ಖಾಲಿ ಬಿಟ್ಟು, ತವರಿನಿಂದ ಮರಿಕೋಳಿ ತಂದಿದ್ದಾರಂತೆ. ತಾಯಿಯ ಜೊತೆ ಒಂಬತ್ತು ಮರಿ, ಏಳು ದಿನದವು. "ಬರ್ತೀರೇನ್ರಿ?" ಎಂದಳು. "ನಿಮ್ಮ ಅತ್ತಿ?" ಎಂದೆ. "ಆಕೀನಽ ಫೋನ್ ಮಾಡು ಅಂದಾಳ್ರಿ."

ಅಜ್ಜಿ ಅಂಗಳದಲ್ಲಿ ಬುಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದಳು. ನನ್ನನ್ನು ಕೂಡು ಎನ್ನಲಿಲ್ಲ.

"ಮೊದಲ ಆ ಪೆಟ್ಟಿಗಿ ತಗಿ."

ತೆಗೆದೆ. ಅವಳು ಮೊಣಕೈವರೆಗೆ ಕೈ ಇಳಿಸಿ ಐಸಿನ ನಡುವೆ ತಡಕಾಡಿ, ಬಾಟಲಿ ಸಿಕ್ಕಿದ ಮೇಲೆ ಅದನ್ನು ಬೆರಳಲ್ಲಿ ಹಿಡಿದುಕೊಂಡು ಹಾಗೇ ಇದ್ದಳು. ಕೈ ಜೋಮು ಹಿಡಿಯುವಷ್ಟು ಹೊತ್ತು.

"ನಿನ್ನ ಗಂಡ ಇದ್ದಾಗ ಹಿಂಗ ನೋಡಿದ್ದಿಲ್ಲ ನಾ."

"ನೋಡಬೇಕಾಗಿತ್ರಿ ಆಯಿ. ಎಲ್ಲಾರೂ ನೋಡಬೇಕು."

"ಹೂಂ" ಎಂದು ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಬುಟ್ಟಿ ಎತ್ತಿ ಒಂದು ಮರಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ಚಾಚಿದಳು. ನಾನು ಅದರ ತಲೆ ಓರೆ ಮಾಡಿ ಒಂದು ಹನಿ ಕಣ್ಣಿಗೆ ಬಿಟ್ಟೆ. ಹನಿ ಒಳಗೆ ಇಳಿಯುವವರೆಗೆ ಮರಿಯನ್ನು ಬಿಡಬಾರದು, ಬಿಟ್ಟರೆ ಕೊಡವಿಕೊಂಡು ಚೆಲ್ಲಿಬಿಡುತ್ತದೆ. ಇಬ್ಬರೂ ಸುಮ್ಮನೆ ಹಿಡಿದುಕೊಂಡು ಕಾದೆವು. ಮರಿ ಕಣ್ಣು ಮಿಟುಕಿಸಿತು.

"ಆತೇನು?"

"ಆತ್ರಿ."

ಅಜ್ಜಿ ಎರಡನೆಯದನ್ನು ಹಿಡಿದುಕೊಟ್ಟಳು.